ಸೆರಗಿನ ಮರೆಯ ಸೀಸೆ

ಬೆಳಿಗ್ಗೆ ಎಂಟು ಗಂಟೆಗೆ ನಮ್ಮೂರಿನ ಯಾವುದಾದರೂ ಲ್ಯಾಬಿನ ಮುಂದೆ ಹೋಗಿ ನಿಂತು ನೋಡಿ. ಗಂಡಸರು ಮೂತ್ರದ ಸೀಸೆಯನ್ನು ಚಹಾದ ಕಪ್ಪು ಇಟ್ಟಷ್ಟು ಸಲೀಸಾಗಿ ಕೌಂಟರಿನ ಮೇಲೆ ಇಟ್ಟು, ಪೇಪರು ಬಿಡಿಸಿಕೊಂಡು ಕೂತುಬಿಡುತ್ತಾರೆ. ನಾವು ಹೆಂಗಸರು ಹಾಗಲ್ಲ. ಮೊದಲು ಸೀಸೆಗೊಂದು ಕಾಗದ ಸುತ್ತುತ್ತೇವೆ. ಕಾಗದದ ಮೇಲೆ ಪ್ಲಾಸ್ಟಿಕ್ ಚೀಲ. ಚೀಲದ ಮೇಲೆ ಸೆರಗು. ಸರದಿ ಬಂದಾಗ ಕದ್ದ ಬಂಗಾರ ಒಪ್ಪಿಸುವವರ ಹಾಗೆ ಆ ಕಡೆ ಈ ಕಡೆ ನೋಡಿ, ಹುಡುಗನ ಕೈಗೆ ಕೊಟ್ಟು ಸರ್‍ರನೆ ಹಿಂದೆ ಸರಿಯುತ್ತೇವೆ. ನಮ್ಮ ಓಣಿಯ ಒಬ್ಬ ಹಿರಿಯರು ಇಂಗಿನ ಖಾಲಿ ಡಬ್ಬಿಯಲ್ಲಿ ಒಯ್ದಿದ್ದರು. ಲ್ಯಾಬಿನ ಹುಡುಗ, "ಅಮ್ಮಾ, ಇದು ನಡೆಯಲ್ಲರಿ" ಅಂದಾಗ ಅವರಿಗೆ ಡಬ್ಬಿ ಬದಲಾಯಿಸುವ ಕಷ್ಟಕ್ಕಿಂತ, ಅವನು ಅಷ್ಟು ಗಟ್ಟಿಯಾಗಿ ಅಂದದ್ದೇ ದೊಡ್ಡ ದುಃಖವಾಗಿತ್ತು.

ನಗಬೇಡಿ. ನಾನೂ ಮೂವತ್ತು ವರ್ಷ ಪಾಠ ಹೇಳಿದವಳು, ನಾಲ್ಕು ಜನರ ಮುಂದೆ ನಿಂತು ಮಾತನಾಡಬಲ್ಲವಳು. ಆದರೂ ಬಹಳ ದಿನ ಹೀಗೇ ಇದ್ದೆ. ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ನೌಕರಿ ಶುರುವಾಯಿತು. ಆಗ ಅಲ್ಲಿ ಶಿಕ್ಷಕಿಯರಿಗೆಂದು ಶೌಚಾಲಯ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ತಿರುಗಿ ಬರುವವರೆಗೆ ತಡೆದುಕೊಳ್ಳಬೇಕು. ಅದಕ್ಕೆ ನಾವು ಕಂಡುಕೊಂಡ ಉಪಾಯ, ನೀರನ್ನೇ ಕುಡಿಯದಿರುವುದು. ಮೇ ತಿಂಗಳ ಬಿಸಿಲಿನಲ್ಲೂ ಒಂದು ಗುಟುಕು, ಎರಡು ಗುಟುಕು, ಅಷ್ಟೆ. ಉರಿ ಬಂದರೆ ಹೇಳುವುದಿಲ್ಲ. ಬಣ್ಣ ಬದಲಾದರೆ ನೋಡುವುದಿಲ್ಲ. ಮೈಯಿಂದ ದಿನಕ್ಕೆ ಐದಾರು ಸಲ ಹೊರಗೆ ಹೋಗುವ ವಸ್ತು. ಅದರ ಹೆಸರು ಹೇಳುವುದಕ್ಕೂ ನಮ್ಮಲ್ಲಿ ಮಾತಿಲ್ಲ. "ಒಂದಕ್ಕ" ಅನ್ನುತ್ತೇವೆ, ಇಲ್ಲವೇ ಕಿರುಬೆರಳು ತೋರಿಸುತ್ತೇವೆ.

ಈ ಸಂಕೋಚದ ಬೆಲೆ ಎಷ್ಟು ಎನ್ನುವುದು ನನಗೆ ಗೊತ್ತಾದದ್ದು ಅಕ್ಕನಿಂದ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಹುಮನಾಬಾದಕ್ಕೆ ಕೊಟ್ಟಿತ್ತು. 2018ರ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ನಾನು ಅವಳ ಮನೆಗೆ ಹೋಗಿದ್ದೆ. ಮನೆ ತುಂಬ ಬೀಗರು, ಮಕ್ಕಳು. ರಾತ್ರಿ ಎಲ್ಲರೂ ತೇರಿನ ಕಡೆ ಹೋದ ಮೇಲೆ ನಾವಿಬ್ಬರೇ ಅಡಿಗೆಮನೆಯಲ್ಲಿ ಕೂತಿದ್ದೆವು. ಅಕ್ಕ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತ, ನನ್ನ ಮುಖ ನೋಡದೆ ಕೇಳಿದಳು:

"ಏ ತಂಗಿ, ಒಂದು ಮಾತು ಕೇಳ್ತೀನಿ, ನಗಬ್ಯಾಡ."

"ಏನದು, ಹೇಳು."

"ಒಂದಕ್ಕ ಹೋದಾಗ ಕೆಂಪಗ ಹೋಗಲಾಕತ್ತದ. ಎಂಟು ದಿನದ ಹಿಂದ ಒಮ್ಮೆ ಹೋಗಿತ್ತು, ನಿಂತಿತ್ತು. ಇವತ್ತು ಮತ್ತ ಹೋಯ್ತು. ನೋವು ಏನಿಲ್ಲ."

ಅವಳಿಗೆ ಮುಟ್ಟು ನಿಂತು ಐದು ವರ್ಷವಾಗಿತ್ತು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಉಷ್ಣ ಆಗಿರಬೇಕು ಅಕ್ಕಾ. ಜಾತ್ರಿ ಕೆಲಸ, ನಿದ್ದಿ ಇಲ್ಲ, ನೀರು ಇಲ್ಲ. ಹವೀಜ ನೆನೆಹಾಕಿ ಆ ನೀರು ಕುಡಿ" ಅಂದೆ. "ಬೀಟ್‌ರೂಟ್ ಏನರ ತಿಂದಿದ್ದೇನು?" ಅಂತಲೂ ಕೇಳಿದೆ. ಅವಳು "ಹೌದು, ಉಷ್ಣಾನೇ ಇರಬೇಕು" ಅಂದಳು. ಅವಳ ಮುಖದ ಮೇಲೆ ಸಮಾಧಾನ ಕಂಡಿತು. ನನಗೂ ಒಂದು ಒಳ್ಳೆಯ ಸಲಹೆ ಕೊಟ್ಟೆನೆಂದು ಅನ್ನಿಸಿತು. ಹೊರಗೆ ಬಾಜಾಬಜಂತ್ರಿ ಹತ್ತಿರ ಬಂತು. ಇಬ್ಬರೂ ಎದ್ದು ತೇರು ನೋಡಲು ಹೋದೆವು.

ಆಮೇಲೆ ಒಂಬತ್ತು ತಿಂಗಳು ಕಳೆದವು. ಕೆಂಪು ಬಂದಿತು, ನಿಂತಿತು. ನಿಂತಾಗ ಹವೀಜದ ನೀರಿನ ಗುಣ ಅಂದುಕೊಂಡಳು. ಮತ್ತೆ ಬಂದಾಗ ಊರಿನ ಒಬ್ಬ ಡಾಕ್ಟರರ ಹತ್ತಿರ ಹೋದಳು. ಅವರು ಸೋಂಕು ಎಂದು ಐದು ದಿನದ ಗುಳಿಗೆ ಕೊಟ್ಟರು. ಹೀಗೆ ಮೂರು ಸಲ. ಮೂರು ಸಲವೂ ನಿಂತಿತು, ಮೂರು ಸಲವೂ ಬಂತು. ಈ ರೋಗದ ಮೋಸವೇ ಇದು; ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ, ನೋಯುವುದಿಲ್ಲ. ನಾವು ಕುಡಿದ ಕಷಾಯಕ್ಕೆ, ನುಂಗಿದ ಗುಳಿಗೆಗೆ ಅದರ ಕೀರ್ತಿ ಹೋಗುತ್ತದೆ.

ಅಕ್ಟೋಬರಿನಲ್ಲಿ ಗಡ್ಡೆಗಟ್ಟಿದ ರಕ್ತ ಹೋಗಿ, ಮೂತ್ರವೇ ಕಟ್ಟಿ, ಅಕ್ಕ ಒದ್ದಾಡಿದಾಗ ಅವಳ ಮಗ ನನಗೆ ಫೋನು ಮಾಡಿದ. ನಾನು ಸಸ್ತಾಪುರ ಬಂಗ್ಲಾದಲ್ಲಿ ಅವರ ಜೀಪು ಹತ್ತಿದೆ. ಉಮರ್ಗಾ, ನಳದುರ್ಗ ದಾಟಿ ಸೊಲ್ಲಾಪುರ ಮುಟ್ಟುವವರೆಗೆ ಅಕ್ಕ ನನ್ನ ಕೈ ಬಿಡಲಿಲ್ಲ. ಅಲ್ಲಿ ಸೋನೋಗ್ರಾಫಿ ಮಾಡಿದರು, ಮೂತ್ರದ ದಾರಿಯಲ್ಲಿ ಸಣ್ಣ ದುರ್ಬೀನು ಹಾಕಿ ನೋಡಿದರು. ಮೂತ್ರಕೋಶದ ಒಳಗೆ ಗಡ್ಡೆ. ತುಣುಕು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್, ಅದೂ ಕೋಶದ ಗೋಡೆಯ ಮಾಂಸದೊಳಕ್ಕೆ ಇಳಿದದ್ದು. ಡಾಕ್ಟರರು ಬೈಯಲಿಲ್ಲ. "ಮೊದಲ ಸಲ ರಕ್ತ ಕಂಡು ಎಷ್ಟು ದಿನವಾಯಿತು?" ಎಂದಷ್ಟೇ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಅವರು ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. ಗಡ್ಡೆ ಮೇಲುಪದರದಲ್ಲೇ ಇದ್ದಾಗ ಬಂದಿದ್ದರೆ ಅದನ್ನು ಕೆರೆದು ತೆಗೆದು, ಮೂತ್ರಕೋಶದೊಳಗೆ ಬಿಸಿಜಿ ಔಷಧಿ ಬಿಟ್ಟು ನೋಡಬಹುದಿತ್ತಂತೆ. ಬಿಸಿಜಿ ಎಂದರೆ ನಾವು ಕೂಸುಗಳಿಗೆ ಹಾಕಿಸುವ ಕ್ಷಯದ ಲಸಿಕೆಯೇ! ಅದನ್ನು ಹೀಗೂ ಉಪಯೋಗಿಸಬಹುದೆಂದು ಕೆನಡಾದ ಡಾಕ್ಟರ್ ಮೊರಾಲೆಸ್ 1976ರಲ್ಲಿ ತೋರಿಸಿದ್ದರು. ಅಕ್ಕನಿಗೆ ಆ ದಾರಿ ಮುಚ್ಚಿತ್ತು. ಮೂತ್ರಕೋಶವನ್ನೇ ತೆಗೆದರು. ಸಣ್ಣ ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೊಂದು ಬಾಯಿ ಮಾಡಿ ಅದಕ್ಕೆ ಚೀಲ ಅಂಟಿಸಿದರು. ಜೀವಮಾನವೆಲ್ಲ "ಒಂದಕ್ಕ" ಎನ್ನಲು ನಾಚಿದವಳು, ಉಳಿದ ದಿನಗಳನ್ನು ಆ ಚೀಲ ಸೀರೆಯ ಒಳಗೆ ಕಟ್ಟಿಕೊಂಡು ಕಳೆದಳು. 2022ರ ಶ್ರಾವಣದಲ್ಲಿ ಹೋದಳು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಒಬ್ಬ ಹುಡುಗಿ. ನನ್ನ ಹತ್ತಿರ ಕನ್ನಡ, ಸಮಾಜ ಪಾಠ ಕಲಿತವಳು. ಅವಳ ತಾಯಿ ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಮಾರಿ ಅವಳನ್ನು ಓದಿಸಿದಳು. ಈಗ ಅವಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಹೋದ ದೀಪಾವಳಿಗೆ ಊರಿಗೆ ಬಂದವಳು ಕಾಲಿಗೆ ನಮಸ್ಕಾರ ಮಾಡಿ ಕೂತಳು. ಏನು ಓದುತ್ತಿದ್ದೀ ಅಂತ ಕೇಳಿದೆ. ಸ್ವಲ್ಪ ತಡೆದು, "ಟೀಚರ್, ಮೂತ್ರದಾಗ ಕ್ಯಾನ್ಸರ್ ಗುರುತು ಹಿಡಿಯೋ ಪಟ್ಟಿ ಮಾಡೋದರಿ" ಅಂದಳು. ನನ್ನ ಕೈಯೊಳಗಿನ ಶಂಕರಪಾಳಿ ತಟ್ಟೆ ಹಾಗೇ ನಿಂತಿತು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಚಾಲುಕ್ಯರ ವಂಶಾವಳಿ ಹೇಳೆಂದರೆ ಹೇಳಿಯೇನು, ವಿಜ್ಞಾನ ನನಗೆ ದೂರ. ಅದು ಅವಳಿಗೂ ಗೊತ್ತು. ಮೇಜಿನ ಮೇಲೆ ನನ್ನ ಸಕ್ಕರೆ ನೋಡುವ ಮಶೀನು ಇತ್ತು. ಅದರ ಒಂದು ಪಟ್ಟಿ ಎತ್ತಿಕೊಂಡು, "ಇದು ಹ್ಯಾಂಗ ಕೆಲಸ ಮಾಡ್ತದ ಅಂತ ಗೊತ್ತದ ಏನ್ರಿ?" ಅಂದಳು. ಹತ್ತು ವರ್ಷದಿಂದ ಬೆರಳು ಚುಚ್ಚಿಕೊಳ್ಳುತ್ತಿದ್ದೇನೆ, ಒಂದು ದಿನವೂ ಕೇಳಿಕೊಂಡವಳಲ್ಲ.

ಆ ಪಟ್ಟಿಯ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ನಮ್ಮ ರಕ್ತದ ಹನಿ ಅದಕ್ಕೆ ತಾಗಿದಾಗ ಆ ಕಿಣ್ವವು ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ನಡುವೆ ಇರುವ ಇನ್ನೊಂದು ರಾಸಾಯನಿಕ ಅವನ್ನು ಹೊತ್ತು ಪಟ್ಟಿಯ ಮೇಲಿನ ಕಪ್ಪು ಗೆರೆಗೆ ಮುಟ್ಟಿಸುತ್ತದೆ. ಆ ಕಪ್ಪು ಗೆರೆಯೇ ವಿದ್ಯುದ್ವಾರ. ಸಕ್ಕರೆ ಹೆಚ್ಚಿದ್ದರೆ ಹೆಚ್ಚು ಎಲೆಕ್ಟ್ರಾನು, ಹೆಚ್ಚು ಕರೆಂಟು. ಮಶೀನು ಅಳೆಯುವುದು ಆ ಕರೆಂಟನ್ನು. ನಮಗೆ ತೋರಿಸುವುದು ಅಂಕಿಯನ್ನು. ಕಿಣ್ವ ಮತ್ತು ವಿದ್ಯುದ್ವಾರವನ್ನು ಹೀಗೆ ಜೋಡಿಸಬಹುದೆಂದು ಅಮೆರಿಕದ ಲೀಲೆಂಡ್ ಕ್ಲಾರ್ಕ್ ಮತ್ತು ಅವರ ಜೊತೆಗಾರ ಲಯನ್ಸ್ 1962ರಲ್ಲೇ ಹೇಳಿದ್ದರು. ಮನೆಯಲ್ಲಿ ಇಟ್ಟುಕೊಳ್ಳುವಂಥ ಯಂತ್ರವಾಗಿ ಅದು ಪೇಟೆಗೆ ಬಂದದ್ದು 1987ರಲ್ಲಿ. ಇಪ್ಪತ್ತೈದು ವರ್ಷ! ಒಂದು ಒಳ್ಳೆಯ ವಿಚಾರ ನಮ್ಮ ಬೆರಳ ತುದಿಗೆ ಬರುವುದಕ್ಕೆ ಒಂದು ತಲೆಮಾರು ಬೇಕಾಯಿತು.

ಹುಡುಗಿ ಮಾಡುವ ಪಟ್ಟಿಯೂ ಇದೇ ಜಾತಿಯದು. ಇದಕ್ಕೆ ವಿದ್ಯುದ್ರಾಸಾಯನಿಕ ಸಂವೇದಕ ಎಂದು ದೊಡ್ಡ ಹೆಸರು. ನೋಡಲು ಬೆರಳಗಲದ ಪ್ಲಾಸ್ಟಿಕ್ ಚೂರು, ಅದರ ಮೇಲೆ ಮಸಿಯಿಂದ ಅಚ್ಚು ಹಾಕಿದ ಮೂರು ಗೆರೆ. ಒಂದು ಕೆಲಸ ಮಾಡುವ ಗೆರೆ, ಒಂದು ಹೋಲಿಸಿ ನೋಡುವ ಗೆರೆ, ಮೂರನೆಯದು ಕರೆಂಟಿನ ದಾರಿ ಪೂರ್ತಿ ಮಾಡುವ ಗೆರೆ. ಕೆಲಸದ ಗೆರೆಯ ಮೇಲೆ ಪ್ರತಿಕಾಯಗಳನ್ನು ನೆಟ್ಟಿರುತ್ತಾರೆ. ಕ್ಯಾನ್ಸರ್ ಗಡ್ಡೆ ಸುಮ್ಮನೆ ಇರುವುದಿಲ್ಲವಂತೆ. ತನ್ನ ಪ್ರೋಟೀನು, ವಂಶವಾಹಿಯ ಚೂರುಗಳನ್ನು ಉದುರಿಸುತ್ತಲೇ ಇರುತ್ತದೆ. ಮೂತ್ರದಲ್ಲಿ ಅಂಥ ಗುರುತಿನ ಪ್ರೋಟೀನು ಇದ್ದರೆ ಅದು ಬಂದು ಪ್ರತಿಕಾಯಕ್ಕೆ ಅಂಟಿಕೊಳ್ಳುತ್ತದೆ. ಆಗ ಎಲೆಕ್ಟ್ರಾನುಗಳ ದಾರಿಗೆ ಅಡ್ಡಿಯಾಗಿ ಕರೆಂಟು ಇಳಿಯುತ್ತದೆ.

"ಹುಮನಾಬಾದ ಬಸ್ ಸ್ಟ್ಯಾಂಡಿನಾಗ ಬಸ್ಸಿನ ಬಾಗಲದಾಗ ಯಾರರ ಜೋಳದ ಚೀಲ ಇಟ್ಟು ನಿಂತ್ರ, ಹತ್ತೋ ಮಂದಿ ಕಡಿಮಿ ಆಗ್ತಾರಲ್ಲರಿ, ಹಂಗ" ಅಂದಳು. ಎಷ್ಟು ಮಂದಿ ಕಡಿಮೆಯಾದರು ಎಂದು ಎಣಿಸಿದರೆ ಎಷ್ಟು ಚೀಲ ಅಡ್ಡ ಇವೆ ಎಂದು ತಿಳಿಯುತ್ತದೆ. ಇಷ್ಟು ಚೆನ್ನಾಗಿ ಹೇಳಿದರೆ ಯಾರಿಗೆ ತಿಳಿಯುವುದಿಲ್ಲ? ನನ್ನ ಪಾಠ ಇವಳಿಗೆ ಹತ್ತಿತ್ತೋ ಇಲ್ಲವೋ, ಇವಳ ಪಾಠ ನನಗೆ ಹತ್ತಿತು.

ಮೂತ್ರದಲ್ಲಿ ಕ್ಯಾನ್ಸರಿನ ಗುರುತು ಹುಡುಕುವುದು ಹೊಸದೇನಲ್ಲ ಎಂದೂ ಹೇಳಿದಳು. 1845ರಲ್ಲಿ ಲಂಡನ್ನಿನ ಒಬ್ಬ ಕಿರಾಣಿ ವ್ಯಾಪಾರಿ, 45 ವರ್ಷದವನು, ಮೈಯ ಎಲುಬೆಲ್ಲ ನೋವೆಂದು ಡಾಕ್ಟರ್ ಮ್ಯಾಕಿಂಟೈರ್ ಎಂಬುವರ ಹತ್ತಿರ ಹೋದ. ಅವರು ಅವನ ಮೂತ್ರ ಕಾಯಿಸಿ ನೋಡಿದರೆ ವಿಚಿತ್ರ. ಬೆಚ್ಚಗಾದಾಗ ಗಟ್ಟಿಯಾಗುತ್ತದೆ, ಕುದಿಸಿದರೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿ. ಅದನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನಶಾಸ್ತ್ರ ಬಲ್ಲ ವೈದ್ಯರಿಗೆ ಕಳಿಸಿದರು. ಅವರು ಅದರಲ್ಲಿ ಕಂಡ ಪ್ರೋಟೀನಿಗೆ ಇಂದಿಗೂ ಅವರದೇ ಹೆಸರು. ಅದು ಎಲುಬಿನ ಮಜ್ಜೆಯ ಕ್ಯಾನ್ಸರಿನ ಗುರುತು. ಕ್ಯಾನ್ಸರಿಗೆ ಮನುಷ್ಯ ಕಂಡುಹಿಡಿದ ಮೊಟ್ಟಮೊದಲ ಇಂಥ ಗುರುತು ಸಿಕ್ಕಿದ್ದೇ ಮೂತ್ರದಲ್ಲಿ! ಮುಂದೆ 1945ರಲ್ಲಿ ಪಪಾನಿಕೊಲೌ ಮತ್ತು ಮಾರ್ಷಲ್ ಎಂಬವರು ಮೂತ್ರದ ತಳದಲ್ಲಿ ಕೂಡುವ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರು ಕಂಡರು. ಹೆಂಗಸರ ಗರ್ಭಕಂಠದ "ಪ್ಯಾಪ್" ಪರೀಕ್ಷೆ ಇದೆಯಲ್ಲ, ಆ ಹೆಸರು ಇವರದೇ. ಮೂತ್ರಕೋಶದ ಕ್ಯಾನ್ಸರಿಗೆ ಎನ್‌ಎಂಪಿ 22 ಎಂಬ ಪ್ರೋಟೀನನ್ನು ಮೂತ್ರದಲ್ಲಿ ನೋಡುವ ಪರೀಕ್ಷೆಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇಷ್ಟು ಕೇಳಿದ ಮೇಲೆ ನನಗೆ ಸಿಟ್ಟು ಬಂತು. "ಇಷ್ಟೆಲ್ಲ ಗೊತ್ತಿದ್ದ ಮ್ಯಾಲ, ಸಕ್ಕರಿ ಮಶೀನಿನ ಹಂಗ ಇದು ಯಾಕ ಅಂಗಡ್ಯಾಗ ಸಿಗಲ್ಲ? ನಮ್ಮಕ್ಕಗ ಯಾಕ ಸಿಗಲಿಲ್ಲ?" ಅಂದೆ. ದನಿ ಸ್ವಲ್ಪ ಏರಿತೇನೋ. ಹುಡುಗಿ ತಲೆ ತಗ್ಗಿಸಿ, ಮೆಲ್ಲಗೆ ಉತ್ತರ ಹೇಳಿದಳು.

ರಕ್ತದಲ್ಲಿ ಸಕ್ಕರೆ ಬೇಕಾದಷ್ಟು ಇರುತ್ತದೆ. ಕ್ಯಾನ್ಸರಿನ ಗುರುತು ಮೂತ್ರದಲ್ಲಿ ಅದರ ಲಕ್ಷದ ಒಂದು ಪಾಲೂ ಇರುವುದಿಲ್ಲ. ಮೂತ್ರವಾದರೂ ಒಂದೇ ತೆರನಾಗಿ ಇರುತ್ತದೆಯೇ? ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರ್ ಹೊರಗೆ ಬಿಡುತ್ತವೆ. ಎರಡು ತಂಬಿಗೆ ನೀರು ಕುಡಿದವಳ ಮೂತ್ರ ತೆಳ್ಳಗೆ. ಶಾಲೆಯಲ್ಲಿ ನೀರು ಕುಡಿಯದೆ ಕೂತ ನನ್ನಂಥವಳದು ಗಟ್ಟಿ. ಆದ್ದರಿಂದ ಕ್ರಿಯಾಟಿನಿನ್ ಎಂಬ ಇನ್ನೊಂದು ವಸ್ತುವನ್ನೂ ಅಳೆದು ಅದಕ್ಕೆ ಹೋಲಿಸಿ ಲೆಕ್ಕ ಹಾಕಬೇಕು. ಇನ್ನು ಮೂತ್ರದೊಳಗಿನ ಯೂರಿಕ್ ಆಮ್ಲ, ಲಿಂಬೆ ನೆಲ್ಲಿಕಾಯಿಯಿಂದ ಬಂದ ಸಿ ಜೀವಸತ್ವ, ಇವು ಕೂಡ ವಿದ್ಯುದ್ವಾರಕ್ಕೆ ತಾಗಿ ತಮ್ಮದೇ ಕರೆಂಟು ಕೊಡುತ್ತವೆ. ಜಾತ್ರೆಯ ಗದ್ದಲದಲ್ಲಿ ಕೂಸಿನ ಅಳು ಕೇಳಿಸಿಕೊಂಡಂತೆ ಆ ಸಣ್ಣ ಗುರುತನ್ನು ಹಿಡಿಯಬೇಕು.

ಹಿಡಿದವರಿಲ್ಲವೆಂದಲ್ಲ. ದಕ್ಷಿಣ ಕೊರಿಯಾದ ವಿಜ್ಞಾನಿಗಳು 76 ಮೂತ್ರದ ಮಾದರಿಗಳಲ್ಲಿ ನಾಲ್ಕು ಗುರುತುಗಳನ್ನು ಒಟ್ಟಿಗೆ ಅಳೆದು, ಕಂಪ್ಯೂಟರಿನ ಬುದ್ಧಿಯನ್ನೂ ಜೋಡಿಸಿ, ಗಂಡಸರ ಪ್ರಾಸ್ಟೇಟ್ ಕ್ಯಾನ್ಸರನ್ನು ಬಹುಪಾಲು ಸರಿಯಾಗಿ ಗುರುತಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ನವಕಾಂತ ಭಟ್ಟರು ಮತ್ತು ಅವರ ಸಂಗಡಿಗರು ಅಂಗೈ ಮೇಲೆ ಇಡಬಹುದಾದ ಯಂತ್ರ ಮಾಡಿ, ಮೂತ್ರದೊಳಗಿನ ಆಲ್ಬುಮಿನ್ ಪ್ರೋಟೀನನ್ನು ಇದೇ ವಿದ್ಯುದ್ರಾಸಾಯನಿಕ ದಾರಿಯಿಂದ ಅಳೆದಿದ್ದಾರೆ. ಭಟ್ಟರಿಗೆ 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿಯೂ ಬಂದಿದೆ. ಅದು ಸಕ್ಕರೆ ರೋಗದವರ ಮೂತ್ರಪಿಂಡ ಕೆಡುತ್ತಿದೆಯೋ ಎಂದು ತಿಳಿಯುವ ಯಂತ್ರ, ಕ್ಯಾನ್ಸರಿನದಲ್ಲ. ಆದರೆ ದಾರಿ ಅದೇ. 2018 ಎಂದಾಗ ನನ್ನ ಮನಸ್ಸು ಬೇರೆಲ್ಲಿಗೋ ಹೋಗಿ ಬಂತು. ಅದೇ ವರ್ಷ ಅಲ್ಲವೇ?

"ಅವಸರ ಮಾಡಿದ್ರ ಮೋಸ ಹೋಗ್ತೀವಿರಿ ಟೀಚರ್" ಅಂದಳು ಹುಡುಗಿ. 2009ರಲ್ಲಿ ಸಾರ್ಕೋಸಿನ್ ಎಂಬ ಒಂದು ವಸ್ತು ಮೂತ್ರದಲ್ಲಿ ಹೆಚ್ಚಿದ್ದರೆ ಅದು ಪ್ರಾಸ್ಟೇಟ್ ಕ್ಯಾನ್ಸರಿನ ಗುರುತೆಂದು ದೊಡ್ಡ ಪತ್ರಿಕೆಯಲ್ಲಿ ಬಂದು ಜಗತ್ತೆಲ್ಲ ಸಂತೋಷಪಟ್ಟಿತಂತೆ. ಆಮೇಲೆ ಬೇರೆಯವರು ಪರೀಕ್ಷಿಸಿದರೆ ಹಲವರಿಗೆ ಹಾಗೆ ಕಾಣಲಿಲ್ಲ. ಕ್ಯಾಲೆಂಡರಿನ ಹಿಂದೆ ನನಗೊಂದು ಲೆಕ್ಕ ಹಾಕಿ ತೋರಿಸಿದಳು. ಬರೀ ತಿಳಿಯುವುದಕ್ಕಾಗಿ ಹಾಕಿದ ಲೆಕ್ಕ ಇದು. ಆರೋಗ್ಯವಾಗಿ ಓಡಾಡುವ 10,000 ಹೆಂಗಸರಲ್ಲಿ 5 ಜನರಿಗೆ ರೋಗ ಇದೆ ಅನ್ನಿ. ಪಟ್ಟಿ ಐವರಲ್ಲಿ ನಾಲ್ವರನ್ನು ಹಿಡಿಯಿತು. ರೋಗವಿಲ್ಲದವರಲ್ಲಿ ನೂರಕ್ಕೆ ಐವರನ್ನು ಮಾತ್ರ ತಪ್ಪಾಗಿ ಹಿಡಿಯಿತು. ಒಳ್ಳೆಯ ಪಟ್ಟಿಯೇ ಅನ್ನಿಸುತ್ತದೆ. ಆದರೆ ನೂರಕ್ಕೆ ಐದು ಎಂದರೆ 10,000ಕ್ಕೆ ಸುಮಾರು 500! ನಿಜವಾದ 4 ಜನರ ಸಲುವಾಗಿ 500 ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. 500 ಹೆಂಗಸರು ದುರ್ಬೀನು ಹಾಕಿಸಿಕೊಳ್ಳಬೇಕು. ಕಲ್ಲು, ಸೋಂಕು ಇದ್ದವರಲ್ಲೂ ಈ ಪರೀಕ್ಷೆಗಳು ಸುಳ್ಳು ಗಂಟೆ ಬಾರಿಸುತ್ತವೆ. ಆದ್ದರಿಂದಲೇ ಮೂತ್ರಕೋಶದ ಕ್ಯಾನ್ಸರಿಗೆ ಇಂದಿಗೂ ದುರ್ಬೀನೇ ಕೊನೆಯ ಮಾತು.

ಹಾಗಾದರೆ ಪರೀಕ್ಷೆಗಳಿಂದ ಉಪಯೋಗವೇ ಇಲ್ಲವೇ ಎಂದರೆ, ಇದೆ. ಅದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ ಎಂಬುದು ನನಗೆ ಅಂದು ತಿಳಿಯಿತು. ಅಕ್ಕನನ್ನು ಕರೆದುಕೊಂಡು ನಾವು ಸೊಲ್ಲಾಪುರಕ್ಕೆ ಹೋಗುವಾಗ ದಾಟಿದ ಉಮರ್ಗಾ, ನಳದುರ್ಗ ಇವೆಯಲ್ಲ, ಆ ಜಿಲ್ಲೆಗೆ ಆಗ ಉಸ್ಮಾನಾಬಾದ್ ಎಂದು ಹೆಸರು, ಈಗ ಧಾರಾಶಿವ. ಆ ಜಿಲ್ಲೆಯ ಹಳ್ಳಿಗಳಲ್ಲಿ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬೈಯ ಟಾಟಾ ಆಸ್ಪತ್ರೆಯವರು ಸೇರಿ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಗರ್ಭಕಂಠದ ಕ್ಯಾನ್ಸರ್ ಕುರಿತ ಅಧ್ಯಯನಕ್ಕೆ ಸೇರಿಸಿದ್ದರು. ಅದರ ಫಲ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಎಂಬ ವೈರಾಣು ಇದೆಯೋ ಎಂದು ಒಂದೇ ಒಂದು ಸಲ ನೋಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಆ ಕ್ಯಾನ್ಸರಿನಿಂದ ಸತ್ತವರು 34, ಹಾಗೆ ನೋಡದ ಗುಂಪಿನಲ್ಲಿ 64. ಅರ್ಧಕ್ಕರ್ಧ ಸಾವು ತಪ್ಪಿತು. ನಮ್ಮಂತೆಯೇ ಜೋಳದ ರೊಟ್ಟಿ ತಿನ್ನುವ, ನಮ್ಮಂತೆಯೇ ಸೆರಗು ಹೊದೆಯುವ ಹೆಂಗಸರು ಅವರು. ಅಲ್ಲಿ ಮಾದರಿಯನ್ನು ಒಳಗಿನಿಂದ ತೆಗೆದಿದ್ದರು. ಅದೇ ವೈರಾಣುವಿನ ಚೂರು ಮೂತ್ರದ ಮೊದಲ ಧಾರೆಯಲ್ಲೂ ಸಿಗುತ್ತದೆ ಎಂದು ಈಗ ಗೊತ್ತಾಗಿದೆ. ಅದನ್ನು ಹಿಡಿಯುವ ವಿದ್ಯುತ್ ಪಟ್ಟಿಗಳ ಮೇಲೂ ಕೆಲಸ ನಡೆದಿದೆ. ಡಾಕ್ಟರರ ಮುಂದೆ ಮಲಗಲು ಸಂಕೋಚಪಡುವ ನಮ್ಮವರಿಗೆ ಒಂದು ಸೀಸೆ ತುಂಬಿ ಕೊಡುವುದು ಎಷ್ಟೋ ಸುಲಭ.

ಆದರೆ ಆ ಸೀಸೆಯನ್ನಾದರೂ ಕೊಡಬೇಕಲ್ಲ! ಹುಡುಗಿ ಹೋದ ಮೇಲೆ ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ಇದೇ. ಪಟ್ಟಿ ಮಾಡುವವರು ಕಣ್ಣಿಗೆ ಕಾಣದ ಗುರುತನ್ನು ಹಿಡಿಯಲು ಹೆಣಗುತ್ತಿದ್ದಾರೆ. ಅಕ್ಕನಿಗೆ ಗುರುತು ಕಣ್ಣಿಗೇ ಕಂಡಿತ್ತು. ಯಾವ ವಿದ್ಯುದ್ವಾರವೂ ಬೇಕಿರಲಿಲ್ಲ. ಮೂತ್ರಕೋಶದ ಕ್ಯಾನ್ಸರು ಹೆಂಗಸರಿಗಿಂತ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಆದರೂ ಹೆಂಗಸರಲ್ಲಿ ಅದು ಪತ್ತೆಯಾಗುವುದು ಅನೇಕ ಸಲ ತಡವಾಗಿ. ಗಂಡಸಿನ ಮೂತ್ರದಲ್ಲಿ ರಕ್ತ ಕಂಡರೆ ಮನೆಯವರು ಅಂದೇ ಗಾಬರಿಯಾಗುತ್ತಾರೆ. ಹೆಂಗಸಿಗಾದರೆ ಮುಟ್ಟಿನದು ಎನ್ನುತ್ತೇವೆ, ಉಷ್ಣ ಎನ್ನುತ್ತೇವೆ, ಸೋಂಕು ಎನ್ನುತ್ತೇವೆ. ರಕ್ತ ನೋಡುವುದು ನಮಗೆ ಅಷ್ಟು ರೂಢಿಯಾಗಿದೆ.

ಎಲ್ಲ ಕೆಂಪೂ ಕ್ಯಾನ್ಸರಲ್ಲ, ಅದನ್ನೂ ಹೇಳಬೇಕು. ಕಲ್ಲಿನಿಂದ, ಸೋಂಕಿನಿಂದ ರಕ್ತ ಹೋಗುತ್ತದೆ. ಬೀಟ್‌ರೂಟ್ ತಿಂದರೂ, ಕ್ಷಯದ ಗುಳಿಗೆ ನುಂಗಿದರೂ ಬಣ್ಣ ಬದಲಾಗುತ್ತದೆ. ಆದರೆ ನೋವಿಲ್ಲದೆ ರಕ್ತ ಹೋದರೆ, ಅದರಲ್ಲೂ ನಲವತ್ತು ದಾಟಿದವರಿಗೆ ಹೋದರೆ, ಒಂದೇ ಸಲ ಹೋಗಿ ನಿಂತಿದ್ದರೂ ಡಾಕ್ಟರರ ಮುಂದೆ ಹೇಳಬೇಕು. ಮೂತ್ರ ಪರೀಕ್ಷೆ, ಸೋನೋಗ್ರಾಫಿ ಮಾಡಿಸಬೇಕು. ಬೇಕಾದರೆ ದುರ್ಬೀನು ಹಾಕಿಯೂ ನೋಡಲಿ. ಗುಳಿಗೆಯಿಂದ ನಿಂತಿತೆಂದು ಸುಮ್ಮನಾಗಬಾರದು. ಇಷ್ಟು ತಿಳಿಯಲು ನನಗೆ ಅಕ್ಕ ಹೋಗಬೇಕಾಯಿತು.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಅವಳ ಕಾಲು ತಿಕ್ಕುತ್ತ, ಎಷ್ಟೋ ದಿನದಿಂದ ಎದೆಯೊಳಗಿದ್ದ ಮಾತು ಆಡಿದೆ. "ಅಕ್ಕಾ, ಅವತ್ತು ನಾ ಉಷ್ಣ ಅಂದೆ." ಅವಳು ಕಣ್ಣು ಮುಚ್ಚಿಕೊಂಡೇ ಅಂದಳು:

"ನೀ ಅಂದಿ ಅಂತ ನಾ ಸುಮ್ಮನ ಕುಂತಿಲ್ಲ ತಂಗಿ. ಯಾರರ ಹಂಗ ಅನ್ನಲಿ ಅಂತಾನೇ ನಿನಗ ಕೇಳಿದ್ದೆ."

ಆ ಮಾತು ನನ್ನ ತಪ್ಪನ್ನು ಕಡಿಮೆ ಮಾಡಿತೋ ಹೆಚ್ಚು ಮಾಡಿತೋ ಇವತ್ತಿಗೂ ತಿಳಿಯದು. ಆದರೆ ಒಂದು ತಿಳಿಯಿತು. ಹೆಂಗಸೊಬ್ಬಳು ಅಡಿಗೆಮನೆಯಲ್ಲಿ ಮುಖ ನೋಡದೆ ಒಂದು ಮಾತು ಕೇಳಿದರೆ ಅವಳಿಗೆ ಬೇಕಾದದ್ದು ಸಮಾಧಾನ. ನಾವು ಕೊಡಬೇಕಾದದ್ದು ಸಮಾಧಾನವಲ್ಲ. "ನಡಿ, ನಾಳೆ ಬೆಳಿಗ್ಗೆ ನಾನೂ ಬರ್ತೀನಿ" ಅನ್ನಬೇಕು.

ಈಗ ನಾನು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬೇರೆ ಕೂಡಿಸಿ ಈ ವಿಷಯ ಮಾತನಾಡುತ್ತೇನೆ. ಮೊದಲು ಬಾಯಿ ಮುಚ್ಚಿಕೊಂಡು ನಗುತ್ತಾರೆ. ನಗಲಿ. ನೀರು ಕುಡಿಯಿರಿ, ತಡೆದುಕೊಳ್ಳಬೇಡಿ, ಬಣ್ಣ ನೋಡಿ, ಮನೆಯಲ್ಲಿ ಅವ್ವನಿಗೆ ಆಯಿಗೆ ಕೇಳಿ ಎನ್ನುತ್ತೇನೆ. ಹೋದ ತಿಂಗಳು ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೆ ಹಿಂದೆ ಉಳಿದು, "ಟೀಚರ್, ನಮ್ಮ ಆಯಿಗ ಹಂಗ ಆಗಲಾಕತ್ತದ" ಅಂದಳು. ಮರುದಿನ ಆ ಆಯಿಯ ಜೊತೆ ನಾನೇ ದವಾಖಾನೆಗೆ ಹೋದೆ. ಕಲ್ಲು ಇತ್ತು, ಅಷ್ಟೆ. ಆಯಿ ನನ್ನನ್ನು ಬೈದಳು, "ಸುಮ್ಮನ ರೊಕ್ಕ ಹಾಳು ಮಾಡಿಸಿದಿ" ಅಂತ. ನನಗೆ ಆ ಬೈಗಳು ಬಹಳ ಸಿಹಿಯಾಗಿ ಕೇಳಿಸಿತು.

ಅಂದು ಲ್ಯಾಬಿನಲ್ಲಿ ನನ್ನದೂ ಒಂದು ಸೀಸೆ ಇತ್ತು. ಸಕ್ಕರೆ ಇದ್ದವಳು ವರ್ಷಕ್ಕೊಮ್ಮೆ ಆಲ್ಬುಮಿನ್ ನೋಡಿಸಿಕೊಳ್ಳಬೇಕು. ಕಾಗದ ಸುತ್ತಿರಲಿಲ್ಲ, ಚೀಲವಿರಲಿಲ್ಲ. ಗಂಡಸರ ಸಾಲಿನ ಸೀಸೆಗಳ ಪಕ್ಕದಲ್ಲೇ ಇಟ್ಟೆ. ಹುಡುಗ ಎಲ್ಲರಿಗೂ ಕೇಳುವ ಹಾಗೆ, "ಇದು ಯಾರದ್ರಿ?" ಅಂದ.

"ನಂದೇ" ಅಂದೆ.